ಓದುಗರ ಪ್ರಶ್ನೆ, ನಮ್ಮ ಉತ್ತರ: ರಸ್ತೆಬದಿಯ ಫಲಕವೂ ಮರದ ಕೋಟೆಯೂ

ಅಮೆರಿಕದಲ್ಲಿ ನೆಲೆಸಿರುವ ಓದುಗರೊಬ್ಬರ ಪ್ರಶ್ನೆಯನ್ನು ಎರಡು ಸಂಚಿಕೆಗಳ ಹಿಂದೆ ಈ ಅಂಕಣದಲ್ಲಿ ಪ್ರಕಟಿಸಿ, ಉತ್ತರಕ್ಕೆ ಕಾಲಾವಕಾಶ ಕೋರಿದ್ದೆವು. ಅದನ್ನು ಓದಿದ ಇನ್ನೂ ಕೆಲವರು ಅದೇ ವಿಷಯವಾಗಿ ನಮಗೆ ಬರೆದಿದ್ದಾರೆ. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಾವು ಓಹಾಯೋ ರಾಜ್ಯದ ಡೇಟನ್‌ನಲ್ಲಿರುವ ಕನ್ನಡ ಕುಟುಂಬದವರು. ಇಂಡಿಯಾನಾದ ಫೋರ್ಟ್ ವೇನ್ ನಗರದಲ್ಲಿರುವ ಬಂಧುಗಳ ಮನೆಗೆ ಕಾರಿನಲ್ಲಿ ಹೊರಟಿದ್ದಾಗ ಹೆದ್ದಾರಿಯನ್ನು ಬಿಟ್ಟು ಹಳ್ಳಿದಾರಿ ಹಿಡಿದು, ಫೋರ್ಟ್ ರಿಕವರಿ ಎಂಬ ಸಣ್ಣ ಊರಿನಲ್ಲಿ ಸ್ವಲ್ಪ ಹೊತ್ತು ನಿಂತೆವು. ಅಲ್ಲಿ ರಸ್ತೆಯ ಬದಿಯಲ್ಲಿ ಕಂಬದ ಮೇಲೊಂದು ಲೋಹದ ಫಲಕವಿತ್ತು. ಹಿಂದೆ ಅಲ್ಲೊಂದು ಕೋಟೆಯಿದ್ದುದನ್ನೂ, ‘ಸೇಂಟ್ ಕ್ಲೇರ್‌ನ ಸೋಲು’ ಎಂಬ ಕದನವನ್ನೂ ಅದರಲ್ಲಿ ಹೇಳಿತ್ತು. ನಮ್ಮ ಹತ್ತು ವರ್ಷದ ಮಗಳು ಅದನ್ನು ಗಟ್ಟಿಯಾಗಿ ಓದಿ, “ಅಪ್ಪಾ, ಸೋತವರ ಹೆಸರಿದೆ, ಗೆದ್ದವರು ಯಾರು?” ಎಂದು ಕೇಳಿದಳು. ಉತ್ತರ ತಿಳಿಯದೆ ಸುಮ್ಮನಾದೆ. ಆ ಕೋಟೆಯ ಕಥೆಯನ್ನು ದಯವಿಟ್ಟು ವಿವರಿಸುವಿರಾ?
– ಓದುಗರೊಬ್ಬರು, ಡೇಟನ್

ಉತ್ತರ: ನಿಮ್ಮ ಮಗಳು ಕೇಳಿದ ಪ್ರಶ್ನೆ ಆ ಊರಿನ ಇತಿಹಾಸದ ನಡುಮಧ್ಯಕ್ಕೇ ಕೈ ಹಾಕುತ್ತದೆ. ಗೆದ್ದವರು ಮಯಾಮಿ, ಶಾನಿ, ಡೆಲವೇರ್ ಮತ್ತು ಅವರೊಡನೆ ಸೇರಿದ್ದ ಇತರ ಮೂಲನಿವಾಸಿ ಜನಾಂಗಗಳ ಒಕ್ಕೂಟದವರು. ಅವರ ಮುಂದಾಳುಗಳಲ್ಲಿ ಇಬ್ಬರ ಹೆಸರನ್ನು ಮಗಳಿಗೆ ಹೇಳಿ: ಮಯಾಮಿ ಜನರ ನಾಯಕ ಮಿಹ್‌ಶಿಹ್‌ಕಿನಾಹ್‌ಕ್ವಾ, ಇಂಗ್ಲಿಷಿನಲ್ಲಿ ಲಿಟಲ್ ಟರ್ಟಲ್ ಎಂದು ಹೆಸರಾದವನು, ಮತ್ತು ಶಾನಿ ಜನರ ನಾಯಕ ಬ್ಲೂ ಜಾಕೆಟ್. (ಈ ಮಯಾಮಿ ಜನರಿಗೂ ಫ್ಲಾರಿಡಾದ ಮಯಾಮಿ ನಗರಕ್ಕೂ ಸಂಬಂಧವಿಲ್ಲ, ಆ ಹೆಸರಿನ ಮೂಲವೇ ಬೇರೆ.)

ಕಥೆ ಆರಂಭವಾಗುವುದು 1783ರ ಪ್ಯಾರಿಸ್ ಒಪ್ಪಂದದಿಂದ. ಸ್ವಾತಂತ್ರ್ಯಯುದ್ಧದಲ್ಲಿ ಸೋತ ಬ್ರಿಟನ್, ಮಿಸಿಸಿಪ್ಪಿ ನದಿಯವರೆಗಿನ ಭೂಮಿಯನ್ನು ಹೊಸ ರಾಷ್ಟ್ರಕ್ಕೆ ಬಿಟ್ಟುಕೊಟ್ಟಿತು. ಆ ಭೂಮಿಯಲ್ಲಿ ತಲೆಮಾರುಗಳಿಂದ ಬೇಸಾಯ ಮಾಡಿಕೊಂಡು, ಬೇಟೆಯಾಡಿಕೊಂಡು ಇದ್ದ ಜನರನ್ನು ಯಾರೂ ಆ ಮಾತುಕತೆಗೆ ಕರೆದಿರಲಿಲ್ಲ. ಓಹಾಯೋ ನದಿಯೇ ಎಲ್ಲೆ, ಅದರ ಉತ್ತರದ ನೆಲ ತಮ್ಮದು ಎಂಬುದು ಒಕ್ಕೂಟದ ನಿಲುವಾಗಿತ್ತು. ಸಾಲದಲ್ಲಿ ಮುಳುಗಿದ್ದ ಅಮೆರಿಕ ಸರ್ಕಾರಕ್ಕೆ ಅದೇ ನೆಲವನ್ನು ಅಳೆದು ಮಾರಿ ಹಣ ಹೊಂದಿಸಬೇಕಾಗಿತ್ತು. 1787ರಲ್ಲಿ ಆ ಪ್ರದೇಶಕ್ಕಾಗಿ ಮಾಡಿದ ಕಾಯಿದೆಯಲ್ಲಿ, ಮೂಲನಿವಾಸಿಗಳ ಭೂಮಿಯನ್ನು ಅವರ ಒಪ್ಪಿಗೆಯಿಲ್ಲದೆ ಎಂದಿಗೂ ತೆಗೆದುಕೊಳ್ಳುವುದಿಲ್ಲ ಎಂಬ ಮಾತೂ ಇತ್ತು. ಮೂರೇ ವರ್ಷಗಳಲ್ಲಿ, ಅಂದರೆ 1790ರಲ್ಲಿ, ಜೋಸಾಯಾ ಹಾರ್ಮರ್ ಎಂಬ ಸೇನಾನಿ ಮಯಾಮಿ ಜನರ ಮುಖ್ಯ ನೆಲೆಯಾದ ಕೆಕಿಯೊಂಗಾದ ಮೇಲೆ ದಂಡೆತ್ತಿ ಹೋಗಿ, ಹಳ್ಳಿಗಳನ್ನು ಸುಟ್ಟು, ಕೊನೆಗೆ ಪೆಟ್ಟು ತಿಂದು ಹಿಂತಿರುಗಿದನು. ಆ ಕೆಕಿಯೊಂಗಾ ಇದ್ದ ಜಾಗದಲ್ಲಿಯೇ ನಿಮ್ಮ ಬಂಧುಗಳ ಫೋರ್ಟ್ ವೇನ್ ನಗರ ಬೆಳೆದಿದೆ.

ಮರುವರ್ಷ ಆ ಪ್ರದೇಶದ ಗವರ್ನರನೇ ಆಗಿದ್ದ ಆರ್ಥರ್ ಸೇಂಟ್ ಕ್ಲೇರ್ ದಂಡಿನೊಡನೆ ಹೊರಟನು. ಇಂದಿನ ಸಿನ್ಸಿನಾಟಿಯಲ್ಲಿದ್ದ ಫೋರ್ಟ್ ವಾಷಿಂಗ್ಟನ್‌ನಿಂದ ಉತ್ತರಕ್ಕೆ ಕಾಡು ಕಡಿದು ದಾರಿ ಮಾಡಿಕೊಳ್ಳುತ್ತ, ದಾರಿಯಲ್ಲಿ ಫೋರ್ಟ್ ಹ್ಯಾಮಿಲ್ಟನ್ ಮತ್ತು ಫೋರ್ಟ್ ಜೆಫರ್ಸನ್ ಎಂಬ ಎರಡು ಕೋಟೆಗಳನ್ನು ಕಟ್ಟುತ್ತ ಆ ದಂಡು ಸಾಗಿತು. ಗುತ್ತಿಗೆದಾರರು ಒದಗಿಸಿದ ಆಹಾರ ಸಾಲದು, ಬಟ್ಟೆ ಕಳಪೆ, ಮದ್ದುಗುಂಡು ಕಳಪೆ, ಸಂಬಳ ತಡ. ದಿನವೂ ಸೈನಿಕರು ಓಡಿಹೋಗುತ್ತಿದ್ದರು. ಸೇಂಟ್ ಕ್ಲೇರ್ ಸಂಧಿವಾತದಿಂದ ನಡೆಯಲಾರದ ಸ್ಥಿತಿಯಲ್ಲಿದ್ದನು. 1791ರ ನವೆಂಬರ್ 3ರ ಸಂಜೆ ಒಂದು ಸಣ್ಣ ನದಿಯ ದಂಡೆಯಲ್ಲಿ ಬಿಡಾರ ಹೂಡಿದಾಗ, ಅದು ಸೇಂಟ್ ಮೇರೀಸ್ ನದಿಯೆಂದು ಅವನು ತಿಳಿದಿದ್ದನು. ವಾಸ್ತವವಾಗಿ ಅದು ವಾಬಾಶ್ ನದಿಯ ಮೇಲ್ಭಾಗವಾಗಿತ್ತು. ತಾನು ಎಲ್ಲಿ ನಿಂತಿದ್ದೇನೆಂಬುದು ಆ ನೆಲವನ್ನು ಗೆಲ್ಲಲು ಬಂದವನಿಗೆ ಗೊತ್ತಿರಲಿಲ್ಲ. ಅವನ ಸುತ್ತ ಕಾಡಿನಲ್ಲಿ ಕಾಯುತ್ತಿದ್ದ ಸಾವಿರಕ್ಕೂ ಹೆಚ್ಚು ಮಂದಿಗೆ ಆ ನದಿಯ ಪ್ರತಿಯೊಂದು ತಿರುವೂ ಗೊತ್ತಿತ್ತು.

ಮರುದಿನ ನಸುಕಿನಲ್ಲಿ ದಾಳಿಯಾಯಿತು. ನದಿಯಾಚೆಗಿದ್ದ ನಾಡಪಡೆ ಕ್ಷಣಮಾತ್ರದಲ್ಲಿ ಚೆದುರಿ ಮುಖ್ಯ ಬಿಡಾರದೊಳಕ್ಕೆ ನುಗ್ಗಿತು. ಫಿರಂಗಿಗಳ ಬಳಿಯಿದ್ದವರು ಒಬ್ಬರ ಹಿಂದೊಬ್ಬರಂತೆ ಗುಂಡಿಗೆ ಬಲಿಯಾದರು. ಸುಮಾರು ಮೂರು ಗಂಟೆಗಳಲ್ಲಿ ಎಲ್ಲವೂ ಮುಗಿಯಿತು. ಅಲ್ಲಿದ್ದ ಸುಮಾರು 1,400 ಸೈನಿಕರಲ್ಲಿ 600ಕ್ಕೂ ಹೆಚ್ಚು ಮಂದಿ ಸತ್ತರು. ದಂಡಿನ ಜೊತೆಗೆ ಅಡುಗೆ, ಬಟ್ಟೆ ಒಗೆಯುವ ಕೆಲಸಗಳಿಗಾಗಿ ಬಂದಿದ್ದ ಹೆಂಗಸರೂ ಮಕ್ಕಳೂ ಸತ್ತರು; ಅವರ ಹೆಸರುಗಳು ಎಲ್ಲಿಯೂ ಸರಿಯಾಗಿ ಬರೆದಿಟ್ಟಿಲ್ಲ. ಉಳಿದವರು ಫಿರಂಗಿಗಳನ್ನು ಅಲ್ಲಿಯೇ ಬಿಟ್ಟು ಸುಮಾರು 29 ಮೈಲಿ ದೂರದ ಫೋರ್ಟ್ ಜೆಫರ್ಸನ್‌ನತ್ತ ಓಡಿದರು. ಮೂಲನಿವಾಸಿಗಳೊಡನೆ ನಡೆದ ಯುದ್ಧಗಳಲ್ಲೆಲ್ಲ ಅಮೆರಿಕದ ಸೈನ್ಯ ಕಂಡ ಅತಿ ದೊಡ್ಡ ಸೋಲು ಇದು. ಎಲ್ಲರ ಬಾಯಲ್ಲಿರುವ 1876ರ ಲಿಟಲ್ ಬಿಗ್ ಹಾರ್ನ್ ಕದನದಲ್ಲಿ ಸತ್ತ ಸೈನಿಕರ ಎರಡರಷ್ಟಕ್ಕಿಂತ ಹೆಚ್ಚು ಮಂದಿ ಇಲ್ಲಿ ಸತ್ತಿದ್ದರು. ಈ ಸೋಲಿನ ಕಾರಣವನ್ನು ತಿಳಿಯಲು 1792ರಲ್ಲಿ ಪ್ರತಿನಿಧಿ ಸಭೆ ನೇಮಿಸಿದ ಸಮಿತಿಯೇ ಅಮೆರಿಕದ ಸಂಸತ್ತು ಕಾರ್ಯಾಂಗದ ಮೇಲೆ ನಡೆಸಿದ ಮೊದಲ ತನಿಖೆಯಾಯಿತು.

ಇಷ್ಟು ದೊಡ್ಡ ಘಟನೆಗೆ ಹೆಸರಿಡುವಾಗ ‘ಸೇಂಟ್ ಕ್ಲೇರ್‌ನ ಸೋಲು’ ಎಂದು ಕರೆದುದನ್ನು ಸ್ವಲ್ಪ ಯೋಚಿಸಿ ನೋಡಿ. ಆ ಹೆಸರಿನಲ್ಲಿ ಒಬ್ಬನ ತಪ್ಪು ಕಾಣುತ್ತದೆಯೇ ಹೊರತು ಎದುರಿಗಿದ್ದವರ ಯುದ್ಧಕೌಶಲವಾಗಲಿ ಅವರ ಹಕ್ಕಾಗಲಿ ಕಾಣುವುದಿಲ್ಲ. ಸೋಲು ತಾನಾಗಿಯೇ ಬಂದೆರಗಿದ ಕಾಯಿಲೆಯೇನೋ ಎಂಬಂತಿದೆ. ‘ವಾಬಾಶ್ ಕದನ’ ಎಂಬ ಇನ್ನೊಂದು ಹೆಸರು ಇಂದು ಬಳಕೆಯಲ್ಲಿದೆ; ಅದು ಇಬ್ಬರಿಗೂ ಸಮಾನವಾದ ಹೆಸರು, ನಮಗೆ ಅದೇ ಒಪ್ಪಿಗೆ.

ಇನ್ನು ಕೋಟೆಯ ವಿಚಾರ. ಸೋಲಿನ ಬಳಿಕ ಹೊಸದಾಗಿ ಕಟ್ಟಿದ ಸೈನ್ಯಕ್ಕೆ ಆಂಥನಿ ವೇನ್ ಮುಖ್ಯಸ್ಥನಾದನು. ಅವನು ಅವಸರಪಡದೆ ಒಂದೂವರೆ ವರ್ಷ ಸೈನಿಕರಿಗೆ ತರಬೇತಿ ಕೊಟ್ಟು, 1793ರ ಡಿಸೆಂಬರಿನಲ್ಲಿ ಸುಮಾರು 300 ಮಂದಿಯನ್ನು ಆ ಹಳೆಯ ರಣಭೂಮಿಗೆ ಕಳುಹಿಸಿದನು. ಎರಡು ವರ್ಷಗಳಿಂದ ಬಿದ್ದಿದ್ದ ಮೂಳೆಗಳನ್ನು ಒಟ್ಟುಗೂಡಿಸಿ ಹೂಳಿದ ಬಳಿಕವೇ ಅವರು ಕೋಟೆ ಕಟ್ಟಲು ಆರಂಭಿಸಿದರು. ಕಳೆದುಕೊಂಡ ನೆಲವನ್ನು ಮರಳಿ ಪಡೆದೆವೆಂಬ ಅರ್ಥದಲ್ಲಿ ವೇನ್ ಅದಕ್ಕೆ ‘ರಿಕವರಿ’ ಎಂದು ಹೆಸರಿಟ್ಟನು. ಎರಡು ವರ್ಷಗಳ ಹಿಂದೆ ಒಂದು ರಾತ್ರಿ ಬಿಡಾರ ಹೂಡಿದ್ದನ್ನು ಬಿಟ್ಟರೆ ಆ ನೆಲ ಅವರದಾಗಿರಲೇ ಇಲ್ಲ. ಮರಳಿ ಪಡೆಯುವ ಮಾತು ಎಲ್ಲಿಂದ ಬಂತು? ಫಲಕದ ಬರಹಕ್ಕಿಂತ ಮೊದಲು ಊರಿನ ಹೆಸರೇ ಒಂದು ಪಕ್ಷದ ವಾದವನ್ನು ಮಂಡಿಸುತ್ತಿದೆ ಎಂಬುದನ್ನು ಮಗಳಿಗೆ ಹೇಳಬಹುದು.

1794ರ ಜೂನ್ 30ರಂದು ಒಕ್ಕೂಟದ ಸಾವಿರಕ್ಕೂ ಹೆಚ್ಚು ಯೋಧರು ಕೋಟೆಯ ಹೊರಗೆ ಸರಕು ಸಾಗಿಸುವ ಕುದುರೆಗಳ ದಂಡಿನ ಮೇಲೆ ಎರಗಿ ಅದನ್ನು ಚಿಂದಿ ಮಾಡಿದರು. ಆದರೆ ಕೋಟೆಯ ಗೋಡೆಯತ್ತ ನುಗ್ಗಿದಾಗ ಒಳಗಿನ ಫಿರಂಗಿಗಳ ಎದುರು ನಿಲ್ಲಲಾಗಲಿಲ್ಲ. ಅವುಗಳಲ್ಲಿ ಕೆಲವು ಸೇಂಟ್ ಕ್ಲೇರ್ ಬಿಟ್ಟು ಓಡಿದ್ದ ಫಿರಂಗಿಗಳೇ; ಒಕ್ಕೂಟದವರು ಮರದ ದಿಮ್ಮಿಗಳ ಕೆಳಗೆ ಬಚ್ಚಿಟ್ಟಿದ್ದವನ್ನು ವೇನ್‌ನ ಸೈನಿಕರು ಹುಡುಕಿ ತೆಗೆದಿದ್ದರು. ಅಲ್ಲಿಂದ ಒಕ್ಕೂಟದ ಬಲ ಕುಂದಿತು. ಆಗಸ್ಟ್ 20ರಂದು ಇಂದಿನ ಟೊಲಿಡೊ ನಗರದ ಬಳಿ ನಡೆದ ಫಾಲನ್ ಟಿಂಬರ್ಸ್ ಕದನದಲ್ಲಿ ಅವರು ಸೋತು ಹಿಮ್ಮೆಟ್ಟಿದಾಗ, ಹತ್ತಿರದಲ್ಲೇ ಇದ್ದ ಬ್ರಿಟಿಷರ ಕೋಟೆ ತನ್ನ ಬಾಗಿಲನ್ನು ಅವರಿಗೆ ತೆರೆಯಲಿಲ್ಲ. ಮಿತ್ರರೆಂದು ನಂಬಿದ್ದವರು ಮುಚ್ಚಿದ ಆ ಬಾಗಿಲು, ಸೋಲಿಗಿಂತಲೂ ಹೆಚ್ಚಾಗಿ ಅವರ ಒಗ್ಗಟ್ಟನ್ನು ಮುರಿಯಿತೆಂದು ನಾವು ಭಾವಿಸುತ್ತೇವೆ.

ಪ್ರಶ್ನೆ: ನಮ್ಮ ದುರ್ಗದ ಏಳುಸುತ್ತಿನ ಕೋಟೆಯ ನೆರಳಿನಲ್ಲಿ ಬೆಳೆದವನು ನಾನು. ಮರದಿಂದ ಕಟ್ಟಿ ಕೆಲವೇ ವರ್ಷ ನಿಂತ ಆವರಣವನ್ನು ಕೋಟೆ ಎನ್ನಬಹುದೇ? ಅದರ ಕುರುಹೇನಾದರೂ ಉಳಿದಿದೆಯೇ?
– ನಿವೃತ್ತ ಶಿಕ್ಷಕರು, ಚಿತ್ರದುರ್ಗ

ಉತ್ತರ: ಚಿತ್ರದುರ್ಗದ ಕಲ್ಲುಕೋಟೆ ತಲೆತಲಾಂತರಕ್ಕೆ ಆಳಲು ನಿಂತವರು ಕಟ್ಟಿದ್ದು, ಓಹಾಯೋದ ಗಡಿಕೋಟೆಗಳು ಮುಂದಕ್ಕೆ ಸಾಗುತ್ತಿದ್ದ ದಂಡಿನ ತಂಗುದಾಣಗಳು. ಸುತ್ತಲೂ ದಟ್ಟವಾದ ಗಟ್ಟಿಮರದ ಕಾಡಿದ್ದುದರಿಂದ, ನೂರಾರು ಕೊಡಲಿಗಳಿದ್ದರೆ ಕೆಲವೇ ವಾರಗಳಲ್ಲಿ ಒಂದು ಕೋಟೆ ಏಳುತ್ತಿತ್ತು. ಉದ್ದನೆಯ ಅಗಳು ತೋಡಿ, ಅದರಲ್ಲಿ ಮರದ ದಿಮ್ಮಿಗಳನ್ನು ಒತ್ತೊತ್ತಾಗಿ ನೆಟ್ಟಗೆ ನಿಲ್ಲಿಸಿ, ಮಣ್ಣು ತುಂಬಿ ಬಿಗಿ ಮಾಡಿದರೆ ಗೋಡೆ ಸಿದ್ಧ. ಫೋರ್ಟ್ ರಿಕವರಿಯ ನಾಲ್ಕು ಮೂಲೆಗಳಲ್ಲಿ ದಿಮ್ಮಿಗಳನ್ನು ಅಡ್ಡಡ್ಡಲಾಗಿ ಜೋಡಿಸಿ ಕಟ್ಟಿದ ಕಾವಲುಮನೆಗಳಿದ್ದವು. ನಮ್ಮ ಕೋಟೆಗಳಲ್ಲಿ ಬುರುಜು ಅಥವಾ ಕೊತ್ತಲ ಮಾಡುವ ಕೆಲಸವನ್ನೇ ಅಲ್ಲಿ ಇವು ಮಾಡುತ್ತಿದ್ದವು. ಗೋಡೆಯ ಬುಡಕ್ಕೆ ಬಂದವರ ಮೇಲೆ ಎರಡು ಪಕ್ಕಗಳಿಂದಲೂ ಗುಂಡು ಹಾರಿಸಲು ಅನುಕೂಲವಾಗುವಂತೆ ಅವುಗಳನ್ನು ಮೂಲೆಗಳಲ್ಲಿ ಕಟ್ಟುತ್ತಿದ್ದರು.

ಎದುರಾಳಿಯ ಬಳಿ ಫಿರಂಗಿ ಇಲ್ಲದಿದ್ದರೆ ಇಷ್ಟು ಸಾಕಾಗುತ್ತಿತ್ತು. ಆದ್ದರಿಂದ ಅದನ್ನು ಕೋಟೆಯೆನ್ನಲು ಅಡ್ಡಿಯಿಲ್ಲ. ಕೋಟೆಯ ಯೋಗ್ಯತೆಯನ್ನು ನಿರ್ಧರಿಸುವುದು ಎದುರಿಗೆ ನಿಂತವರ ಆಯುಧ. ಆದರೆ ಮಣ್ಣಿನೊಳಗೆ ನಿಂತ ಮರ ಮಳೆಗೂ ಹಿಮಕ್ಕೂ ಸಿಕ್ಕಿ ಬೇಗ ಕೊಳೆಯುತ್ತದೆ, ಮತ್ತು ಸೈನಿಕರು ಹೋದ ಮೇಲೆ ಬಂದ ಒಕ್ಕಲು ಜನ ಸಿಕ್ಕ ದಿಮ್ಮಿಗಳನ್ನು ಮನೆಗೂ ಸೌದೆಗೂ ಬಳಸಿಕೊಳ್ಳುವುದು ಸಹಜ. ಇಂದು ಆ ಊರಿನಲ್ಲಿ ಕಾಣುವ ಕಾವಲುಮನೆಗಳೂ ಮರದ ಗೋಡೆಯೂ 20ನೇ ಶತಮಾನದಲ್ಲಿ ಮತ್ತೆ ಕಟ್ಟಿದವು. ಮೂಲ ಕುರುಹುಗಳಿರುವುದು ನೆಲದೊಳಗೆ. ಹಿಂದೆ ತೋಡಿದ ಅಗಳು, ಕೊಳೆತ ಮರ ಇವುಗಳಿಂದ ಮಣ್ಣಿನ ಬಣ್ಣ ಬದಲಾಗಿ, ಅನುಭವಿಗಳ ಕಣ್ಣಿಗೆ ಕಪ್ಪು ಪಟ್ಟಿಯಂತೆ ಕಾಣುತ್ತದೆ. ಇಂಡಿಯಾನಾದ ಬಾಲ್ ಸ್ಟೇಟ್ ವಿಶ್ವವಿದ್ಯಾಲಯದ ಪುರಾತತ್ತ್ವಜ್ಞರು ಈ ಊರಿನ ರಣಭೂಮಿಯಲ್ಲಿ ಶೋಧ ನಡೆಸಿದ್ದಾರೆ. ಅಲ್ಲಿನ ಮನೆಗಳ ಹಿತ್ತಿಲು, ಅಂಗಳಗಳೇ ಅವರ ಕ್ಷೇತ್ರ, ಏಕೆಂದರೆ ಊರು ಬೆಳೆದದ್ದೇ ಆ ನೆಲದ ಮೇಲೆ. 1851ರಲ್ಲಿ ಊರಿನವರು ತಮಗೆ ಸಿಕ್ಕ ಮೂಳೆಗಳನ್ನೆಲ್ಲ ಒಟ್ಟು ಸೇರಿಸಿ ಸಾರ್ವಜನಿಕವಾಗಿ ಅಂತ್ಯಕ್ರಿಯೆ ನಡೆಸಿದರು. 1913ರಲ್ಲಿ ಅಲ್ಲಿ 101 ಅಡಿ ಎತ್ತರದ ಸ್ಮಾರಕಸ್ತಂಭ ಎದ್ದಿತು.

ಕೋಟೆ ಕಣ್ಣಿಗೆ ಕಾಣದಂತಾದರೂ ಇನ್ನೊಂದು ಕಡೆ ಉಳಿದುಕೊಂಡಿದೆ. ಸೋತ ಒಕ್ಕೂಟಕ್ಕೂ ಅಮೆರಿಕ ಸರ್ಕಾರಕ್ಕೂ ನಡುವೆ 1795ರ ಆಗಸ್ಟ್ 3ರಂದು ಸಹಿಯಾದ ಗ್ರೀನ್‌ವಿಲ್ ಒಪ್ಪಂದದಲ್ಲಿ ಬರೆದ ಗಡಿರೇಖೆ ಪಶ್ಚಿಮಕ್ಕೆ ಸಾಗಿ ಫೋರ್ಟ್ ರಿಕವರಿಯನ್ನು ಮುಟ್ಟಿ, ಅಲ್ಲಿಂದ ದಕ್ಷಿಣಕ್ಕೆ ಹೊರಳಿ, ಕೆಂಟಕಿ ನದಿ ಓಹಾಯೋ ನದಿಯನ್ನು ಸೇರುವ ಸ್ಥಳದ ಎದುರು ದಡಕ್ಕೆ ಇಳಿಯುತ್ತದೆ. ನಮ್ಮ ಜಮೀನಿನ ಪತ್ರಗಳಲ್ಲಿ ಚೆಕ್ಕುಬಂದಿ ಬರೆಯುವಾಗ ಬಾಂದುಕಲ್ಲನ್ನು ಹೇಳುವ ಹಾಗೆ, ಆ ಒಪ್ಪಂದದಲ್ಲಿ ಈ ಮರದ ಕೋಟೆಯೇ ಬಾಂದುಕಲ್ಲಾಯಿತು. ಕೋಟೆಯ ಮರ ಕೊಳೆಯಿತು. ಅದನ್ನು ಗುರುತಾಗಿಟ್ಟು ಎಳೆದ ಗೆರೆ ಭೂದಾಖಲೆಗಳಲ್ಲಿ ನಿಂತಿತು.

ಪ್ರಶ್ನೆ: ಇಂತಹ ಫಲಕಗಳನ್ನು ಅಲ್ಲಿ ಯಾರು ಹಾಕುತ್ತಾರೆ? ಬರಹದಲ್ಲಿ ತಪ್ಪಿದ್ದರೆ ತಿದ್ದಬಹುದೇ?
– ಗೃಹಿಣಿ, ಸಿನ್ಸಿನಾಟಿ

ಉತ್ತರ: ಪ್ರತಿ ರಾಜ್ಯಕ್ಕೂ ತನ್ನದೇ ಆದ ವ್ಯವಸ್ಥೆಯಿದೆ. ಮೋಟಾರು ಕಾರುಗಳು ಹೆಚ್ಚಾಗಿ ಜನ ದೂರದ ಪ್ರಯಾಣಕ್ಕೆ ಹೊರಟ 1920ರ ದಶಕದಲ್ಲಿ ವರ್ಜೀನಿಯಾ, ನ್ಯೂಯಾರ್ಕ್ ಮುಂತಾದ ರಾಜ್ಯಗಳು ರಸ್ತೆಬದಿಯಲ್ಲಿ ಫಲಕಗಳನ್ನು ನಿಲ್ಲಿಸಲು ಮೊದಲು ಮಾಡಿದವು. ನಿಮ್ಮ ಓಹಾಯೋದ ಯೋಜನೆ 1957ರಲ್ಲಿ ಆರಂಭವಾಯಿತು. ಈಗ ಅಲ್ಲಿ 1,700ಕ್ಕೂ ಮೀರಿದ ಫಲಕಗಳಿವೆ. ಓಹಾಯೋ ಹಿಸ್ಟರಿ ಕನೆಕ್ಷನ್ ಎಂಬ ಸಂಸ್ಥೆ ಇದರ ಹೊಣೆ ಹೊತ್ತಿದೆ. ಫಲಕ ಬೇಕೆನ್ನುವ ಊರಿನವರು ಅಥವಾ ಸ್ಥಳೀಯ ಸಂಘದವರು ಆಧಾರಗಳನ್ನು ಜೋಡಿಸಿ ಅರ್ಜಿ ಹಾಕುತ್ತಾರೆ, ಸಂಸ್ಥೆಯ ಇತಿಹಾಸಕಾರರು ಅವುಗಳನ್ನು ಪರಿಶೀಲಿಸಿ ಬರಹವನ್ನು ಅಂತಿಮಗೊಳಿಸುತ್ತಾರೆ, ಮತ್ತು ವೆಚ್ಚದ ಬಹುಭಾಗವನ್ನು ಸಾಮಾನ್ಯವಾಗಿ ಅರ್ಜಿದಾರರೇ ಭರಿಸುತ್ತಾರೆ. ಹೀಗಾಗಿ ಯಾವ ಸ್ಥಳಕ್ಕೆ ಫಲಕ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಎಂಬುದು ಅಲ್ಲಿ ಏನು ನಡೆಯಿತು ಎಂಬುದರಷ್ಟೇ, ಇಂದು ಅಲ್ಲಿ ಯಾರು ವಾಸವಾಗಿದ್ದಾರೆ ಎಂಬುದನ್ನೂ ಅವಲಂಬಿಸಿದೆ. ಊರನ್ನೇ ಬಿಟ್ಟು ಹೋಗಬೇಕಾದವರ ಪರವಾಗಿ ಅರ್ಜಿ ಹಾಕುವವರು ಸ್ಥಳದಲ್ಲಿರುವುದಿಲ್ಲ. ಫಲಕಗಳಲ್ಲಿ ಒಂದು ಪಕ್ಷದ ದನಿ ಜೋರಾಗಿ ಕೇಳುವುದಕ್ಕೆ ದುರುದ್ದೇಶವನ್ನು ಹುಡುಕಬೇಕಾಗಿಲ್ಲ, ಈ ಕಾರಣವೊಂದೇ ಸಾಕು.

ತಯಾರಿಕೆಯ ವಿಧಾನವೂ ಬರಹದ ಮೇಲೆ ಪ್ರಭಾವ ಬೀರುತ್ತದೆ. ಓಹಾಯೋದ ಮರಿಯೆಟ್ಟಾ ಊರಿನಲ್ಲಿ 1927ರಲ್ಲಿ ಆರಂಭವಾದ ಸೆವಾ ಸ್ಟುಡಿಯೋಸ್ ಎಂಬ ಎರಕದ ಕಾರ್ಖಾನೆ ಹಲವು ರಾಜ್ಯಗಳಿಗೆ ಇಂತಹ ಫಲಕಗಳನ್ನು ಮಾಡಿಕೊಡುತ್ತದೆ. ಅಕ್ಷರಗಳನ್ನು ಒಂದೊಂದಾಗಿ ಜೋಡಿಸಿ, ಮರಳಿನಲ್ಲಿ ಅದರ ಅಚ್ಚು ತೆಗೆದು, ಕರಗಿದ ಅಲ್ಯೂಮಿನಿಯಂ ಹೊಯ್ದು, ಆರಿದ ಮೇಲೆ ಬಣ್ಣ ಹಚ್ಚುತ್ತಾರೆ. ಒಮ್ಮೆ ಎರಕ ಹೊಯ್ದ ಮೇಲೆ ಒಂದು ಪದವನ್ನು ಬದಲಿಸಬೇಕಾದರೂ ಫಲಕವನ್ನೇ ಹೊಸದಾಗಿ ಮಾಡಿಸಬೇಕು. ಹಾಗಿದ್ದರೂ ತಿದ್ದುಪಡಿ ಅಸಾಧ್ಯವೇನಲ್ಲ. ಆಧಾರಸಹಿತವಾಗಿ ಸಂಸ್ಥೆಗೆ ಬರೆದರೆ ಅವರು ಪರಿಶೀಲಿಸುತ್ತಾರೆ. ಹಳೆಯ ಬರಹಗಳನ್ನು ಕೈಬಿಟ್ಟು ಹೊಸ ಫಲಕಗಳನ್ನು ನಿಲ್ಲಿಸಿದ ಉದಾಹರಣೆಗಳು ಅಮೆರಿಕದ ಹಲವು ರಾಜ್ಯಗಳಲ್ಲಿವೆ.

ಮುಂದೆ ಎಲ್ಲಿಯಾದರೂ ಫಲಕ ಕಂಡಾಗ ಮೊದಲು ಅದರ ಕೆಳತುದಿಯನ್ನು ಓದಿ. ಹಾಕಿಸಿದವರ ಹೆಸರೂ ವರ್ಷವೂ ಅಲ್ಲಿರುತ್ತದೆ. ಬಳಿಕ ಬರಹದಲ್ಲಿನ ಕ್ರಿಯಾಪದಗಳನ್ನು ಗಮನಿಸಿ: ಯಾರು ‘ಕಟ್ಟಿದರು’, ಯಾರು ‘ನೆಲೆಸಿದರು’, ಯಾರು ‘ದಾಳಿ ಮಾಡಿದರು’, ಯಾರು ಮಾತ್ರ ಕರ್ತೃವೇ ಇಲ್ಲದ ವಾಕ್ಯದಲ್ಲಿ ‘ಸ್ಥಳಾಂತರಗೊಂಡರು’ ಎಂಬುದನ್ನು ನೋಡಿ. ತಮ್ಮ ಹಳ್ಳಿಯನ್ನು ಉಳಿಸಿಕೊಳ್ಳಲು ಹೋರಾಡಿದವರಿಗೆ ‘ದಾಳಿಕೋರರು’ ಎಂಬ ಪದವನ್ನೂ, ಆ ಹಳ್ಳಿಯನ್ನು ಸುಡಲು ಬಂದವರಿಗೆ ‘ರಕ್ಷಕರು’ ಎಂಬ ಪದವನ್ನೂ ಹಳೆಯ ಫಲಕಗಳು ಎಷ್ಟು ಸಲೀಸಾಗಿ ಬಳಸುತ್ತವೆಯೆಂಬುದು ಆಗ ತಿಳಿಯುತ್ತದೆ. ‘ಗಡಿನಾಡು’ ಎಂಬ ಪದವೂ ಹಾಗೆಯೇ. ಆಗಿನ ರಾಜಧಾನಿ ಫಿಲಡೆಲ್ಫಿಯಾದಲ್ಲಿ ಕುಳಿತು ನಕ್ಷೆ ನೋಡುತ್ತಿದ್ದವರಿಗೆ ಅದು ಗಡಿನಾಡು. ಕೆಕಿಯೊಂಗಾದಲ್ಲಿ ಮೆಕ್ಕೆಜೋಳದ ಹೊಲ ಮಾಡಿಕೊಂಡಿದ್ದವರಿಗೆ ಅದೇ ನಾಡಿನ ನಡುಭಾಗ.

ಪ್ರಶ್ನೆ: ಬೆಂಗಳೂರಿನ ಕೋಟೆಯಲ್ಲಿಯೂ 1791ರ ಫಲಕವೊಂದನ್ನು ನೋಡಿದ ನೆನಪು. ಈ ಎರಡಕ್ಕೂ ಏನಾದರೂ ಸಂಬಂಧವಿದೆಯೇ?
– ಇತಿಹಾಸದ ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ನಿಮ್ಮ ನೆನಪು ಸರಿಯಾಗಿದೆ. ಕೃಷ್ಣರಾಜ ಮಾರುಕಟ್ಟೆಯ ಬಳಿ ಉಳಿದಿರುವ ಕೋಟೆಯ ಗೋಡೆಯಲ್ಲಿ ಒಂದು ಫಲಕವಿದೆ. ಗೋಡೆಯ ಈ ಒಡಕಿನ ಮೂಲಕ 1791ರ ಮಾರ್ಚ್ 21ರಂದು ಬ್ರಿಟಿಷರ ಆಕ್ರಮಣ ನಡೆಯಿತು ಎಂಬುದು ಅದರಲ್ಲಿನ ಇಂಗ್ಲಿಷ್ ಬರಹದ ಸಾರ. ವಾಬಾಶ್ ಕದನ ನಡೆದದ್ದು ಅದೇ ವರ್ಷದ ನವೆಂಬರಿನಲ್ಲಿ. ಎರಡೂ ಘಟನೆಗಳ ಹಿಂದೆ ಒಂದೇ ಯುದ್ಧದ, ಅಂದರೆ ಅಮೆರಿಕದ ಸ್ವಾತಂತ್ರ್ಯಯುದ್ಧದ, ನೆರಳೂ ಇದೆ. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಅಮೆರಿಕನ್ನರಿಗೂ ಫ್ರೆಂಚರಿಗೂ ಶರಣಾದ ಕಾರ್ನ್‌ವಾಲಿಸ್, ಐದು ವರ್ಷಗಳ ಬಳಿಕ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದು, ಟಿಪ್ಪು ಸುಲ್ತಾನನ ಬೆಂಗಳೂರು ಕೋಟೆಯನ್ನು ಹಿಡಿದನು. ವರ್ಜೀನಿಯಾದಲ್ಲಿ ಅದೇ ಕಾರ್ನ್‌ವಾಲಿಸನ ಎದುರು 1781ರಲ್ಲಿ ಹೋರಾಡಿದವರಲ್ಲಿ ಆಂಥನಿ ವೇನ್ ಒಬ್ಬನು. ಒಬ್ಬರಿಗೊಬ್ಬರು ಎದುರಾಳಿಗಳಾಗಿದ್ದ ಇಬ್ಬರೂ ಹತ್ತು ಹನ್ನೆರಡು ವರ್ಷಗಳ ಬಳಿಕ ಭೂಗೋಳದ ಎರಡು ಕಡೆ, ಬೇರೆಯವರ ನೆಲದಲ್ಲಿ, ಕೋಟೆಗಳ ವ್ಯವಹಾರದಲ್ಲಿದ್ದರು. ಸಂಬಂಧವೆಂದರೆ ಅಷ್ಟೇ, ಅದಕ್ಕಿಂತ ಹೆಚ್ಚಿನದನ್ನು ಕಲ್ಪಿಸುವುದು ಸರಿಯಲ್ಲ.

ಆದರೆ ಎರಡು ಫಲಕಗಳ ಮಾತಿನ ರೀತಿಯಲ್ಲಿ ಹೋಲಿಕೆ ಎದ್ದು ಕಾಣುತ್ತದೆ. ನಮ್ಮ ಕೋಟೆಯ ಗೋಡೆಯ ಮೇಲೆ ಒಳಗೆ ನುಗ್ಗಿದವರ ಮಾತಿದೆ. ಆ ಒಡಕಿನಲ್ಲಿ ನಿಂತು ಹೋರಾಡುತ್ತ ಮಡಿದ ಕಿಲ್ಲೇದಾರ ಬಹದ್ದೂರ್ ಖಾನನ ಹೆಸರಿಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ದೇಹ ಸಿಕ್ಕಿದ ಜಾಗದಲ್ಲಿರುವ ಕಲ್ಲು, ದೇಹ ಇಲ್ಲಿ ಸಿಕ್ಕಿತು ಎಂದಷ್ಟೇ ಹೇಳುತ್ತದೆ. ಅದು ದೇಹವನ್ನು ಹುಡುಕಿದವರ ಮಾತು, ಕಳೆದುಕೊಂಡವರದಲ್ಲ.

ನಮ್ಮ ನಾಡಿನಲ್ಲಿ ಇದಕ್ಕಿಂತ ಬಹಳ ಹಳೆಯದಾದ ಮತ್ತೊಂದು ಪದ್ಧತಿ ಇತ್ತೆಂಬುದನ್ನು ಇಲ್ಲಿ ನೆನೆಯಬೇಕು. ಊರ ತುರುಗಳಿಗಾಗಿ, ಗಡಿಗಾಗಿ ಮಡಿದವನಿಗೆ ಊರಿನವರೇ ನಿಲ್ಲಿಸುತ್ತಿದ್ದ ವೀರಗಲ್ಲು ಸತ್ತವನ ಹೆಸರನ್ನು ಹೇಳುತ್ತದೆ, ಅವನು ಯಾರ ಮಗ, ಯಾರ ಆಳು ಎಂಬುದನ್ನು ಹೇಳುತ್ತದೆ. ಬೇಗೂರಿನ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 890ರ ವೀರಗಲ್ಲಿನ ಶಾಸನದಲ್ಲಿ ‘ಬೆಂಗುಳೂರ ಕಾಳೆಗ’ದ ಮಾತು ಬರುವುದರಿಂದಲೇ ಬೆಂಗಳೂರಿನ ಹೆಸರು ಎಷ್ಟು ಹಳೆಯದೆಂದು ನಮಗೆ ತಿಳಿದದ್ದು. ಆತಕೂರಿನ ಶಾಸನದಲ್ಲಿ ಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ನಾಯಿಗೂ ಹೆಸರಿದೆ. ಸಾವಿರ ವರ್ಷಗಳ ಹಿಂದೆ ನಾಯಿಗೆ ಸಿಕ್ಕ ಆ ಮನ್ನಣೆ 1791ರ ಕಿಲ್ಲೇದಾರನಿಗೆ ತನ್ನ ಕೋಟೆಯ ಗೋಡೆಯ ಮೇಲೆಯೇ ಸಿಗಲಿಲ್ಲವೆಂಬುದು ನೋವಿನ ಸಂಗತಿ. ಹಳೆಯ ಫಲಕವನ್ನು ಕೀಳಬೇಕಾಗಿಲ್ಲ, ಅದೂ ಈಗ ಇತಿಹಾಸದ ಭಾಗ. ಪಕ್ಕದಲ್ಲಿ ಕನ್ನಡದಲ್ಲಿ ಇನ್ನೊಂದನ್ನು ನಿಲ್ಲಿಸಿ ಒಳಗಿದ್ದವರ ಕಥೆಯನ್ನು ಹೇಳಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ.

ಪ್ರಶ್ನೆ: ಆ ಮಯಾಮಿ ಜನರು ಈಗ ಎಲ್ಲಿದ್ದಾರೆ? ಅವರ ಭಾಷೆ ಉಳಿದಿದೆಯೇ?
– ಕನ್ನಡ ಉಪನ್ಯಾಸಕಿ, ಶಿವಮೊಗ್ಗ

ಉತ್ತರ: ಗ್ರೀನ್‌ವಿಲ್ ಒಪ್ಪಂದದಲ್ಲಿ ಹನ್ನೆರಡು ಜನಾಂಗಗಳು ಇಂದಿನ ಓಹಾಯೋದ ಸುಮಾರು ಮೂರನೇ ಎರಡು ಭಾಗವನ್ನು ಬಿಟ್ಟುಕೊಟ್ಟವು. ಅದಕ್ಕೆ ಪ್ರತಿಯಾಗಿ ದೊರೆತದ್ದು 20,000 ಡಾಲರ್ ಬೆಲೆಯ ಸಾಮಾನು ಮತ್ತು ವರ್ಷಕ್ಕೆ 9,500 ಡಾಲರ್ ಬೆಲೆಯ ಸರಕು. ಎರಡು ವರ್ಷ ಮೊದಲು, 1793ರಲ್ಲಿ, ಸರ್ಕಾರದ ಪ್ರತಿನಿಧಿಗಳು ಹಣದ ಆಸೆ ತೋರಿಸಿದಾಗ ಒಕ್ಕೂಟದವರು ಕೊಟ್ಟ ಉತ್ತರ ನೆನಪಿನಲ್ಲಿಡುವಂಥದು. ಹಣ ನಮಗೆ ಉಪಯೋಗವಿಲ್ಲದ್ದು, ನಮ್ಮ ನೆಲದಲ್ಲಿ ಬಂದು ಕುಳಿತಿರುವ ನಿಮ್ಮವರು ಬಡವರು, ಆ ಹಣವನ್ನು ಅವರಿಗೇ ಹಂಚಿ ಹಿಂದಕ್ಕೆ ಕರೆಸಿಕೊಳ್ಳಿ ಎಂದು ಅವರು ಹೇಳಿ ಕಳುಹಿಸಿದ್ದರು.

ಗ್ರೀನ್‌ವಿಲ್‌ನ ಸಭೆಯಲ್ಲಿ ಲಿಟಲ್ ಟರ್ಟಲ್ ಎದ್ದು ನಿಂತು ತನ್ನ ಜನರ ನಾಡಿನ ಎಲ್ಲೆಯನ್ನು ಬಾಯಿಮಾತಿನಲ್ಲಿಯೇ ವಿವರಿಸಿದನು. ತನ್ನ ಹಿರಿಯರು ಡಿಟ್ರಾಯಿಟ್‌ನಲ್ಲಿ ಮೊದಲ ಬೆಂಕಿ ಹೊತ್ತಿಸಿದರು, ಅಲ್ಲಿಂದ ಸಯೋಟೋ ನದಿಯ ಮೂಲಕ್ಕೆ, ಅದರ ಗುಂಟ ಓಹಾಯೋ ನದಿಗೆ, ಅಲ್ಲಿಂದ ವಾಬಾಶ್ ನದಿಯ ಮುಖಕ್ಕೆ, ಮತ್ತೆ ಮಿಷಿಗನ್ ಸರೋವರದ ದಂಡೆಯ ಶಿಕಾಗೋಗೆ ಅವರ ಎಲ್ಲೆ ಹರಡಿತ್ತೆಂಬುದು ಅವನ ಮಾತಿನ ತಾತ್ಪರ್ಯ. ಆ ಮಾತನ್ನು ಇಂಗ್ಲಿಷಿಗೆ ತಿಳಿಸುತ್ತಿದ್ದ ವಿಲಿಯಂ ವೆಲ್ಸ್ ಅವನ ಅಳಿಯ. ಬಾಲ್ಯದಲ್ಲಿ ಸೆರೆಯಾಗಿ ಮಯಾಮಿ ಜನರ ನಡುವೆ ಬೆಳೆದ ಈ ಬಿಳಿಯ, 1791ರಲ್ಲಿ ಒಕ್ಕೂಟದ ಪರವಾಗಿ ಹೋರಾಡಿ, ಆಮೇಲೆ ವೇನ್‌ನ ದಂಡಿನಲ್ಲಿ ಬೇಹುಗಾರನಾಗಿದ್ದನು. ಎರಡೂ ಕಡೆಯ ನೋವನ್ನು ಅವನಷ್ಟು ಹತ್ತಿರದಿಂದ ಕಂಡವರು ಅಪರೂಪ.

1846ರಲ್ಲಿ ಮಯಾಮಿ ಜನರ ಬಹುಭಾಗವನ್ನು ಇಂಡಿಯಾನಾದಿಂದ ಕಾನ್ಸಾಸಿಗೆ ಬಲವಂತವಾಗಿ ಸಾಗಿಸಿದರು. ಅಲ್ಲಿಂದಲೂ ಎಬ್ಬಿಸಿದ ಮೇಲೆ ಅವರು ಓಕ್ಲಹೋಮಾಗೆ ಹೋಗಬೇಕಾಯಿತು. ಇಂದು ಮಯಾಮಿ ಟ್ರೈಬ್ ಆಫ್ ಓಕ್ಲಹೋಮಾ ಅಮೆರಿಕ ಸರ್ಕಾರ ಮಾನ್ಯ ಮಾಡಿದ ಜನಾಂಗ. ಇಂಡಿಯಾನಾದಲ್ಲಿಯೂ ಅವರ ವಂಶಜರಿದ್ದಾರೆ. ಅವರ ಭಾಷೆಯನ್ನು ಮನೆಮಾತಾಗಿ ಆಡುತ್ತಿದ್ದ ಕೊನೆಯವರು 20ನೇ ಶತಮಾನದ ನಡುಭಾಗದ ಹೊತ್ತಿಗೆ ಇಲ್ಲವಾದರು. ಆದರೆ ಹಿಂದಿನ ಪಾದ್ರಿಗಳೂ ಭಾಷಾತಜ್ಞರೂ ಬರೆದಿಟ್ಟ ಪದಕೋಶಗಳನ್ನು ಆಧರಿಸಿ 1990ರ ದಶಕದಿಂದ ಆ ಭಾಷೆಯನ್ನು ಮತ್ತೆ ಕಲಿಯುವ, ಮಕ್ಕಳಿಗೆ ಕಲಿಸುವ ಕೆಲಸ ನಡೆದಿದೆ. ಓಹಾಯೋದ ಆಕ್ಸ್‌ಫರ್ಡ್ ಊರಿನ ಮಯಾಮಿ ವಿಶ್ವವಿದ್ಯಾಲಯದಲ್ಲಿರುವ ಮಿಯಾಮಿಯಾ ಸೆಂಟರ್ ಜನಾಂಗದೊಡನೆ ಕೂಡಿ ಈ ಕೆಲಸ ಮಾಡುತ್ತಿದೆ. ಅದರ ಮುಂದಾಳು ಡ್ಯಾರಿಲ್ ಬಾಲ್ಡ್‌ವಿನ್ ಅವರಿಗೆ 2016ರಲ್ಲಿ ಮೆಕಾರ್ಥರ್ ಫೆಲೋಶಿಪ್ ದೊರೆಯಿತು. ದಾಖಲೆಗಳಲ್ಲಿ ಮಲಗಿದ್ದ ಭಾಷೆಯನ್ನು ಮನೆಯ ಮಾತಾಗಿ ಎಬ್ಬಿಸುವ ಈ ಪ್ರಯತ್ನ, ಭಾಷೆ ಕಲಿಸುವ ನಿಮ್ಮಂಥವರು ಹತ್ತಿರದಿಂದ ನೋಡಬೇಕಾದದ್ದು.

ಡೇಟನ್‌ನ ಓದುಗರಿಗೆ ಕೊನೆಯದಾಗಿ ಒಂದು ವಿವರ. ವಾಬಾಶ್ ಎಂಬುದು ‘ವಾಪಾಹ್‌ಶೀಕಿ’ ಎಂಬ ಮಯಾಮಿ ಪದದಿಂದ ಬಂದದ್ದು. ಸುಣ್ಣಕಲ್ಲಿನ ಹಾಸಿನ ಮೇಲೆ ಹರಿಯುವ ನೀರು ಬೆಳ್ಳಗೆ ಹೊಳೆಯುವುದರಿಂದ, ಬೆಳ್ಳಗೆ ಹೊಳೆಯುವುದು ಎಂಬ ಅರ್ಥದ ಆ ಹೆಸರು ನದಿಗೆ ಬಂತು. ಫೋರ್ಟ್ ರಿಕವರಿಯಲ್ಲಿ ನದಿ ಇನ್ನೂ ಸಣ್ಣ ಹೊಳೆ. ಸ್ಮಾರಕಸ್ತಂಭದ ಬಳಿಯಿಂದ ನಡೆದೇ ಹೋಗಬಹುದು. ಮತ್ತೊಮ್ಮೆ ಆ ದಾರಿಯಲ್ಲಿ ಹೋದಾಗ ಮಗಳನ್ನು ಅಲ್ಲಿಗೂ ಕರೆದೊಯ್ದು ಆ ಹೆಸರನ್ನು ಹೇಳಿಕೊಡಿ.